ಸರ್ಕಾರದ ಕೆಲಸ, ನೌಕರರ ಕೈಕಾಸು: ಪ್ರಯಾಣ ಭತ್ಯೆಯ ಕುರಿತು ಆರ್ಥಿಕ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಪರ ಮುಖ್ಯ ಕಾರ್ಯದರ್ಶಿಯವರು,
ಆರ್ಥಿಕ ಇಲಾಖೆ, ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಸರ್ಕಾರಿ ಕರ್ತವ್ಯದ ಮೇಲೆ ಪರಸ್ಥಳಕ್ಕೆ ಹೋಗುವ ಸಿ ಮತ್ತು ಡಿ ವರ್ಗದ ನೌಕರರು ತಮ್ಮ ಕೈಯಿಂದ ಮಾಡುವ ವೆಚ್ಚದ ಮರುಪಾವತಿ.

ಮಾನ್ಯರೇ,

ನಾನು ರಾಜ್ಯ ಸರ್ಕಾರದ ಇಲಾಖೆಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ, ಅಧೀಕ್ಷಕನಾಗಿ ನಿವೃತ್ತನಾದವನು. ಸೇವಾವಧಿಯ ಬಹುಭಾಗ ತಾಲ್ಲೂಕು ಕಚೇರಿಗಳಲ್ಲಿ ಕಳೆಯಿತು. ಅದರಲ್ಲಿ ಹಲವು ವರ್ಷ ನನ್ನ ಮೇಜಿಗೆ ಬರುತ್ತಿದ್ದದ್ದು ಪ್ರಯಾಣ ಭತ್ಯೆಯ ಬಿಲ್ಲುಗಳು. ಹೀಗಾಗಿ ಹಣ ಕೇಳುವವರ ಸಂಕಟ ಮತ್ತು ಹಣ ತಡೆಯುವವರ ಅಂಜಿಕೆ ಎರಡನ್ನೂ ಹತ್ತಿರದಿಂದ ಕಂಡಿದ್ದೇನೆ. ಸೇವೆಯಲ್ಲಿರುವವರು ಇಂಥ ಪತ್ರವನ್ನು ಬಹಿರಂಗವಾಗಿ ಬರೆಯಲು ಹಿಂಜರಿಯುತ್ತಾರೆ. 2021ರ ನಡತೆ ನಿಯಮಗಳು ಅವರ ಕಣ್ಣಮುಂದೆ ಇರುತ್ತವೆ. ನನಗೆ ಈಗ ಆ ಅಡ್ಡಿಯಿಲ್ಲ, ಆದ್ದರಿಂದ ಅವರ ಪರವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಪ್ರಸಂಗವನ್ನು ತಮ್ಮ ಗಮನಕ್ಕೆ ತರಬೇಕಾಗಿದೆ. ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ತಾಲ್ಲೂಕೊಂದರಲ್ಲಿ ನಾನಿದ್ದಾಗ, ನಮ್ಮ ಕಚೇರಿಯ ಸಹಾಯಕಿಯೊಬ್ಬರನ್ನು ರಿಟ್ ಅರ್ಜಿಯೊಂದಕ್ಕೆ ಸಂಬಂಧಿಸಿದ ಮೂಲ ಕಡತ ಮತ್ತು ಕಂಡಿಕೆವಾರು ಉತ್ತರದೊಂದಿಗೆ ಬೆಂಗಳೂರಿನ ಸರ್ಕಾರಿ ವಕೀಲರ ಬಳಿಗೆ ಕಳುಹಿಸಲಾಯಿತು. ಆದೇಶ ಅವರ ಕೈಗೆ ಬಂದದ್ದು ಸಂಜೆ ನಾಲ್ಕಕ್ಕೆ. ಮುಂಗಡ ಕೇಳಲು ಸಮಯವಿರಲಿಲ್ಲ, ಕೇಳಿದ್ದರೂ ಅಂದು ಕೊಡುವ ವ್ಯವಸ್ಥೆ ಇರಲಿಲ್ಲ. ರಾತ್ರಿ ಬಸ್ಸು ಹಿಡಿದು ನಸುಕಿನಲ್ಲಿ ಮೆಜೆಸ್ಟಿಕ್‌ನಲ್ಲಿ ಇಳಿದರು. ಮುಖ ತೊಳೆದು ಸೀರೆ ಬದಲಿಸಿ ಹೈಕೋರ್ಟಿಗೆ ಹೋಗಬೇಕಾಗಿದ್ದರಿಂದ, ಒಂಟಿ ಹೆಣ್ಣುಮಗಳು ನಿರ್ಭಯವಾಗಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಲಾಡ್ಜಿನಲ್ಲಿ ಕೋಣೆ ಹಿಡಿದರು. ಅದರ ಬಾಡಿಗೆ ಅವರ ಶ್ರೇಣಿಗೆ ನಿಗದಿಯಾಗಿದ್ದ ದರಕ್ಕಿಂತ ಹೆಚ್ಚಿತ್ತು. ವಕೀಲರು ಅಂದು ಬೇರೆ ಪ್ರಕರಣದಲ್ಲಿ ನಿರತರಾಗಿದ್ದರಿಂದ ಮರುದಿನ ಬರಲು ಹೇಳಿದರು. ಮರುದಿನ ಕಡತವನ್ನು ಮೂರು ಪ್ರತಿ ಜೆರಾಕ್ಸ್ ಮಾಡಿಸಿ ಕೊಡಬೇಕೆಂದರು. ಎರಡು ದಿನದ ಊಟ, ಕೋಣೆ, ಆಟೋ, ಜೆರಾಕ್ಸ್ ಎಲ್ಲ ಸೇರಿ ಅವರು ಮೂರು ಸಾವಿರಕ್ಕೂ ಹೆಚ್ಚು ಹಣವನ್ನು ಸ್ವಂತದಿಂದ ಖರ್ಚು ಮಾಡಿ, ಕೆಲಸವನ್ನು ಸರಿಯಾಗಿ ಮುಗಿಸಿಕೊಂಡು ಬಂದರು. ಸರ್ಕಾರದ ಪರ ಆಕ್ಷೇಪಣೆ ನ್ಯಾಯಾಲಯಕ್ಕೆ ಗಡುವಿನೊಳಗೆ ಸಲ್ಲಿಕೆಯಾಯಿತು.

ಅವರ ಬಿಲ್ಲು ನನ್ನ ಬಳಿಗೆ ಬಂತು. ನಾನು ನಾಲ್ಕು ಆಕ್ಷೇಪಣೆ ಬರೆದೆ. ಲಾಡ್ಜಿನ ರಸೀದಿಯಲ್ಲಿ ಜಿಎಸ್‌ಟಿ ಸಂಖ್ಯೆ ಇಲ್ಲ. ಎರಡನೆಯ ದಿನದ ವಾಸ್ತವ್ಯಕ್ಕೆ ಪೂರ್ವಾನುಮತಿ ಇಲ್ಲ. ಆಟೋ ಬಾಡಿಗೆಗೆ ರಸೀದಿ ಇಲ್ಲ. ಜೆರಾಕ್ಸ್ ವೆಚ್ಚವನ್ನು ಪ್ರಯಾಣ ಭತ್ಯೆಯಲ್ಲಿ ತೋರಿಸಲು ಬಾರದು, ಸಾದಿಲ್ವಾರು (ಕಚೇರಿಯ ಚಿಲ್ಲರೆ ವೆಚ್ಚದ) ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕೋರಬೇಕು. ನಿಯಮದ ದೃಷ್ಟಿಯಿಂದ ನನ್ನ ಒಂದೊಂದು ಮಾತೂ ಸರಿಯಾಗಿತ್ತು. ಬಿಲ್ಲು ಹಿಂದಿರುಗಿತು, ತಿದ್ದುಪಡಿಯಾಗಿ ಮತ್ತೆ ಬಂತು, ಮೇಲಧಿಕಾರಿಯ ಮೇಲುರುಜಿಗಾಗಿ (ಒಪ್ಪಿಗೆಯ ಸಹಿಗಾಗಿ) ಜಿಲ್ಲಾ ಕಚೇರಿಗೆ ಹೋಯಿತು. ಅಷ್ಟರಲ್ಲಿ ಮಾರ್ಚ್ ಮುಗಿದು ಆ ವರ್ಷದ ಅನುದಾನ ಬಳಕೆಯಾಗದೆ ವ್ಯಪಗತವಾಯಿತು (ರದ್ದಾಯಿತು). ಮುಂದಿನ ವರ್ಷ ಅನುದಾನ ಬಿಡುಗಡೆಯಾದ ಮೇಲೆ ಅವರಿಗೆ ಸಿಕ್ಕಿದ್ದು ಖರ್ಚಾದ ಹಣದ ಅರ್ಧಕ್ಕಿಂತ ಕಡಿಮೆ. ಆಮೇಲೆ ಅವರು ಹೊರಗಿನ ಕೆಲಸಕ್ಕೆ ಹೆಸರು ಬಂದಾಗಲೆಲ್ಲ ರಜೆ ಕೇಳಲು ಆರಂಭಿಸಿದರು. ಅವರನ್ನು ಆಲಸಿ ಎಂದು ಮೇಲಧಿಕಾರಿ ಕರೆದಾಗ ನಾನು ಸುಮ್ಮನಿದ್ದೆ. ಆ ಮೌನ ನನ್ನನ್ನು ಇಂದಿಗೂ ಕಾಡುತ್ತಿದೆ, ಈ ಪತ್ರಕ್ಕೆ ಅದೂ ಒಂದು ಕಾರಣ.

ನಾನು ಹಾಗೆ ಬರೆದದ್ದು ಅವರ ಮೇಲಿನ ಅನುಮಾನದಿಂದಲ್ಲ. ಕಚೇರಿಯ ಬಿಲ್ಲುಗಳನ್ನು ಮಂಜೂರು ಮಾಡಿ ಹಣ ಸೆಳೆದು ಕೊಡುವ ಬಟವಾಡೆ ಅಧಿಕಾರಿ ಸಹಿ ಹಾಕಿದ ಬಿಲ್ಲಿನ ಮೇಲೆ ಮಹಾಲೇಖಪಾಲರ ತಪಾಸಣೆಯಲ್ಲಿ ಆಕ್ಷೇಪ ಬಂದರೆ, ಆ ಹಣವನ್ನು ವಸೂಲಿ ಮಾಡಬೇಕೆಂಬ ಟಿಪ್ಪಣಿ ಎಷ್ಟೋ ವರ್ಷಗಳ ನಂತರ ಬರುತ್ತದೆ. ಅಷ್ಟು ಹೊತ್ತಿಗೆ ಬಿಲ್ಲು ಕೊಟ್ಟವರು ವರ್ಗವಾಗಿರುತ್ತಾರೆ, ಮಂಜೂರು ಮಾಡಿದವರು ನಿವೃತ್ತಿಯ ಅಂಚಿನಲ್ಲಿರುತ್ತಾರೆ, ಅವರ ಬೇಬಾಕಿ ಪತ್ರ (ಬಾಕಿಯಿಲ್ಲವೆಂಬ ಪತ್ರ) ಆ ಸಣ್ಣ ಮೊತ್ತಕ್ಕಾಗಿ ನಿಂತಿರುತ್ತದೆ. ಇದನ್ನು ಕಣ್ಣಾರೆ ಕಂಡ, ಬಿಲ್ಲು ಪರಿಶೀಲಿಸುವ ಯಾವ ವಿಷಯ ನಿರ್ವಾಹಕನೂ ಸಂಶಯ ಬಂದಲ್ಲಿ ನೌಕರನ ಪರವಾಗಿ ಬರೆಯುವುದಿಲ್ಲ. ಆದ್ದರಿಂದ ಕಚೇರಿಗಳಲ್ಲಿ ಕುಳಿತವರ ಮನಸ್ಸನ್ನು ತಿದ್ದುವುದರಿಂದ ಇದು ಸರಿಹೋಗುವುದಿಲ್ಲ, ನಿಯಮವೇ ಬದಲಾಗಬೇಕು ಮತ್ತು ಅದನ್ನು ಬದಲಿಸುವ ಅಧಿಕಾರ ತಮ್ಮ ಇಲಾಖೆಯ ಬಳಿ ಇದೆ.

ಭತ್ಯೆಗಳ ಬಗ್ಗೆ ನಮ್ಮ ಆಡಳಿತದಲ್ಲಿ ಹಳೆಯ ತತ್ವವೊಂದಿದೆ. 1922ರಿಂದ ಜಾರಿಯಲ್ಲಿರುವ ಕೇಂದ್ರದ ಮೂಲಭೂತ ನಿಯಮಗಳ 44ನೇ ನಿಯಮದ ಪ್ರಕಾರ, ಪರಿಹಾರಾತ್ಮಕ ಭತ್ಯೆಯು ಪಡೆಯುವವರಿಗೆ ಒಟ್ಟಾರೆಯಾಗಿ ಲಾಭದ ಮೂಲವಾಗದಂತೆ ನಿಯಂತ್ರಿತವಾಗಿರಬೇಕು. ತತ್ವ ಸರಿಯಾದದ್ದೇ. ಆದರೆ ಅದನ್ನು ಅನುಸರಿಸುವ ಭರದಲ್ಲಿ ಅದರ ಇನ್ನೊಂದು ಮಗ್ಗುಲನ್ನು ನಾವು ಮರೆತಿದ್ದೇವೆ. ಭತ್ಯೆ ಲಾಭವಾಗಬಾರದು ಎನ್ನುವವರು, ಸರ್ಕಾರದ ಕೆಲಸ ನೌಕರರಿಗೆ ನಷ್ಟವಾಗಬಾರದು ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕಲ್ಲವೇ? ಲಾಭವನ್ನು ತಡೆಯಲು ರಸೀದಿ, ದೃಢೀಕರಣ, ಮೇಲುರುಜು, ಪ್ರವಾಸ ದಿನಚರಿ, ಹಾಜರಾತಿ ಪ್ರಮಾಣಪತ್ರ ಎಲ್ಲವೂ ಇವೆ. ನಷ್ಟವನ್ನು ತಡೆಯಲು ಏನೂ ಇಲ್ಲ. ತೆರಿಗೆಯ ಕಾನೂನು ಕೂಡ ಈ ಹಣವನ್ನು ಸಂಬಳದಂತೆ ನೋಡಿಲ್ಲ: 1961ರ ಆದಾಯ ತೆರಿಗೆ ಕಾಯ್ದೆಯ 10(14)ನೇ ಕಲಮು ಪ್ರವಾಸದ ಭತ್ಯೆಯಲ್ಲಿ ವಾಸ್ತವವಾಗಿ ಖರ್ಚಾದ ಭಾಗಕ್ಕೆ ವಿನಾಯಿತಿ ಕೊಟ್ಟಿತು. ಅಂದರೆ ಇದು ನೌಕರರಿಗೆ ಕೊಡುವ ಉಪಕಾರವಲ್ಲ, ಅವರು ಸರ್ಕಾರಕ್ಕೆ ಬಡ್ಡಿಯಿಲ್ಲದೆ ಕೊಟ್ಟ ಕೈಸಾಲ.

ಊಟ, ಚಹಾ, ಕೋಣೆ ಇವೆಲ್ಲ ಖಾಸಗಿ ಖರ್ಚು, ಮನೆಯಲ್ಲಿದ್ದರೂ ಊಟ ಮಾಡುತ್ತಿರಲಿಲ್ಲವೇ ಎಂಬ ಮಾತನ್ನು ನಾನು ಹಿರಿಯ ಅಧಿಕಾರಿಗಳ ಬಾಯಿಂದ ಕೇಳಿದ್ದೇನೆ. ಐದು ಜನರ ಮನೆಯಲ್ಲಿ ಎಸರಿಗೆ ಒಬ್ಬರ ಅಕ್ಕಿ ಕಡಿಮೆ ಹಾಕಿದರೆ ಉಳಿಯುವುದು ಎಷ್ಟು? ಗ್ಯಾಸು, ಬೇಳೆ, ಹಾಲು ಎಲ್ಲವೂ ಅಷ್ಟೇ ಖರ್ಚಾಗುತ್ತವೆ. ಅತ್ತ ಪರಊರಿನಲ್ಲಿ ಒಬ್ಬರ ಎರಡು ಹೊತ್ತಿನ ಊಟ, ಬೆಳಗಿನ ತಿಂಡಿಗೆ ಆಗುವ ಖರ್ಚು ಸಂಪೂರ್ಣ ಹೊಸದು, ಕಚೇರಿ ಕಳುಹಿಸಿರದಿದ್ದರೆ ಹುಟ್ಟುತ್ತಲೇ ಇರಲಿಲ್ಲ. ಸಿನಿಮಾ ನೋಡಿದ, ಮಕ್ಕಳಿಗೆ ಬಟ್ಟೆ ತಂದ ಖರ್ಚನ್ನು ಯಾವ ನೌಕರರೂ ಕೇಳುತ್ತಿಲ್ಲ. ಗಡಿ ಸ್ಪಷ್ಟವಾಗಿಯೇ ಇದೆ. ಬೆಂಗಳೂರಿಗೆ ಕಡತ ತಂದ ಡಿ ವರ್ಗದ ನೌಕರರು ಭತ್ಯೆ ಸಿಗುವ ನಂಬಿಕೆಯಿಲ್ಲದೆ ಇಂದಿರಾ ಕ್ಯಾಂಟೀನಿನಲ್ಲಿ 10 ರೂಪಾಯಿಯ ಊಟ ಮಾಡಿ, ರಾತ್ರಿಯನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕಳೆದು ಬಂದದ್ದನ್ನು ನಾನು ಬಲ್ಲೆ. ಆ ಕ್ಯಾಂಟೀನು ಬಡವರಿಗಾಗಿ ಇರುವುದು ಒಳ್ಳೆಯದು, ಆದರೆ ಸರ್ಕಾರದ ಕಡತ ಹೊತ್ತವರಿಗೆ ಅದು ಅನಿವಾರ್ಯವಾಗಬಾರದು.

ಈಗ ರಸೀದಿಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಹೆಚ್ಚಿನ ಬಿಲ್ಲುಗಳು ಎಡವುವುದು ಇಲ್ಲಿಯೇ. ದಿನಕ್ಕೆ 1,000 ರೂಪಾಯಿಯವರೆಗಿನ ಬಾಡಿಗೆಯ ಕೋಣೆಗಳಿಗೆ 2022ರ ಜುಲೈ 18ಕ್ಕೆ ಮೊದಲು ಜಿಎಸ್‌ಟಿ ಇರಲಿಲ್ಲ. ಅಂದಿನಿಂದ ಶೇ 12ರ ತೆರಿಗೆ ಬಂತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 5ಕ್ಕೆ ಇಳಿಯಿತು. ಆದರೆ ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನ ಸೇವಾದಾರರು ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಾಗಿಲ್ಲ. ತಾಲ್ಲೂಕು ಕೇಂದ್ರಗಳ ಹತ್ತು ಕೋಣೆಯ ಲಾಡ್ಜುಗಳು, ದೇವಸ್ಥಾನ ಮತ್ತು ಮಠಗಳ ಛತ್ರಗಳು ಬಹುತೇಕ ಈ ಗುಂಪಿಗೆ ಸೇರಿದವು. ಅವು ಕೊಡುವುದು ಕೈಬರಹದ ಚೀಟಿ. ನೌಕರರ ಭತ್ಯೆಯ ದರದಲ್ಲಿ ಸಿಗುವುದು ಅಂಥ ಕೋಣೆಗಳು ಮಾತ್ರ, ಆ ಕೋಣೆಗಳಿಗೆ ಜಿಎಸ್‌ಟಿ ಬಿಲ್ಲು ಇರುವುದಿಲ್ಲ, ಜಿಎಸ್‌ಟಿ ಬಿಲ್ಲು ಕೊಡುವ ಹೋಟೆಲಿನ ಬಾಡಿಗೆ ಭತ್ಯೆಯ ದರವನ್ನು ಮೀರುತ್ತದೆ. ಕಾನೂನಿನ ಪ್ರಕಾರವೇ ನೋಂದಣಿ ಬೇಡವೆಂದಿರುವ ಲಾಡ್ಜಿನಿಂದ ನೋಂದಣಿ ಸಂಖ್ಯೆ ತನ್ನಿ ಎಂದು ನೌಕರರನ್ನು ಕೇಳುವುದರಲ್ಲಿ ನ್ಯಾಯವಿಲ್ಲ.

ಈ ತೊಡಕನ್ನು ಬಿಡಿಸಿದ ಉದಾಹರಣೆ ನಮ್ಮ ಮುಂದೆಯೇ ಇದೆ. ಕೇಂದ್ರ ಹಣಕಾಸು ಸಚಿವಾಲಯದ ವೆಚ್ಚ ಇಲಾಖೆ 2017ರ ಜುಲೈ 13ರಂದು ಹೊರಡಿಸಿದ ಆದೇಶದಲ್ಲಿ, ವೇತನ ಶ್ರೇಣಿಯ 8ನೇ ಹಂತ ಮತ್ತು ಅದಕ್ಕಿಂತ ಕೆಳಗಿನ ನೌಕರರು ವಸತಿ ಹಾಗೂ ಸ್ಥಳೀಯ ಓಡಾಟದ ವೆಚ್ಚವನ್ನು ನಿಗದಿತ ಮಿತಿಯೊಳಗೆ ರಸೀದಿಯಿಲ್ಲದೆ, ಸ್ವಯಂ ದೃಢೀಕರಣದ ಮೇಲೆ ಪಡೆಯಬಹುದು ಎಂದಿದೆ. ಎಲ್ಲಿ, ಎಷ್ಟು ದಿನ ಉಳಿದಿದ್ದರು, ಯಾವ ವಾಹನದಲ್ಲಿ ಓಡಾಡಿದರು ಎಂಬ ವಿವರ ಬರೆದುಕೊಟ್ಟರೆ ಸಾಕು. ಊಟದ ಬಿಲ್ಲುಗಳನ್ನು ಕೇಳುವುದನ್ನು ಕೈಬಿಟ್ಟು ಇಡಿಗಂಟು ಕೊಡಲಾಗುತ್ತದೆ: ಕೇಂದ್ರಸ್ಥಾನದಿಂದ 12 ಗಂಟೆಗಿಂತ ಹೆಚ್ಚು ಹೊರಗಿದ್ದರೆ ಪೂರ್ತಿ, 6ರಿಂದ 12 ಗಂಟೆಯಾದರೆ ಶೇ 70, ಅದಕ್ಕೂ ಕಡಿಮೆಯಾದರೆ ಶೇ 30. ಆ ಆದೇಶದ ಮೊತ್ತಗಳನ್ನು ನಾನು ಹೊಗಳುತ್ತಿಲ್ಲ. 5ನೇ ಹಂತ ಮತ್ತು ಕೆಳಗಿನವರಿಗೆ ದಿನಕ್ಕೆ ವಸತಿಗೆ 450, ಊಟಕ್ಕೆ 500 ರೂಪಾಯಿ ಎಂಬುದು ನಗರಗಳಲ್ಲಿ ಅಂದೂ ಸಾಲುತ್ತಿರಲಿಲ್ಲ. ಅಲ್ಲಿಂದ ಕಲಿಯಬೇಕಾದದ್ದು ವಿಧಾನವನ್ನು. ಕೆಳಹಂತದ ನೌಕರರ ಮಾತನ್ನು ನಂಬಿ ಆರಂಭಿಸಬಹುದು ಎಂದು ಒಂದು ದೊಡ್ಡ ಸರ್ಕಾರ ಲಿಖಿತವಾಗಿ ಒಪ್ಪಿಕೊಂಡಿದೆ, ಲೆಕ್ಕ ತಪಾಸಣೆ ಮಾಡುವವರ ಕೈಗೂ ಅದೇ ಆದೇಶವನ್ನು ಕೊಟ್ಟಿದೆ.

ಅದೇ ಆದೇಶದಲ್ಲಿ ಇನ್ನೊಂದು ಒಳ್ಳೆಯ ಅಂಶವಿದೆ. ತುಟ್ಟಿಭತ್ಯೆ ಶೇ 50ರಷ್ಟು ಏರಿದಾಗಲೆಲ್ಲ ಈ ಮಿತಿಗಳು ಶೇ 25ರಷ್ಟು ಏರಬೇಕು. ನಮ್ಮಲ್ಲಿ ತುಟ್ಟಿಭತ್ಯೆಯನ್ನು ಜನವರಿ ಮತ್ತು ಜುಲೈ ಲೆಕ್ಕದಲ್ಲಿ ವರ್ಷಕ್ಕೆ ಎರಡು ಸಲ ಪರಿಷ್ಕರಿಸುವ ಪದ್ಧತಿಯಿದೆ, ಅಂದರೆ ಬೆಲೆ ಏರುತ್ತಿದೆ ಎಂಬುದನ್ನು ಸರ್ಕಾರ ಒಪ್ಪುತ್ತದೆ. ಆದರೆ ದಿನಭತ್ಯೆಯ ದರ ಸಾಮಾನ್ಯವಾಗಿ ವೇತನ ಆಯೋಗದ ವರದಿಗಾಗಿ ಕಾಯುತ್ತದೆ. ಆರನೆಯ ರಾಜ್ಯ ವೇತನ ಆಯೋಗದ ಆರ್ಥಿಕ ಲಾಭ ದೊರೆತದ್ದು 2018ರ ಏಪ್ರಿಲ್‌ನಿಂದ, ಏಳನೆಯದರದ್ದು 2024ರ ಆಗಸ್ಟ್‌ನಿಂದ. ನಡುವೆ ಆರು ವರ್ಷಕ್ಕೂ ಹೆಚ್ಚು ಕಾಲ. ಹೊರಗಿನ ಬೆಲೆ ಹಾಗೆ ಕಾಯುವುದಿಲ್ಲ. ಬೆಂಗಳೂರಿನ ಆಟೋ ಕನಿಷ್ಠ ದರ 30 ರೂಪಾಯಿ ಇದ್ದದ್ದು 2025ರ ಆಗಸ್ಟ್ 1ರಿಂದ 36 ಆಯಿತು. ಅದೇ ವರ್ಷದ ಜನವರಿಯಲ್ಲಿ ಸಾರಿಗೆ ಬಸ್ಸುಗಳ ದರ ಶೇ 15 ಏರಿತು, ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿತು. ಬಸ್ಸಿನ ಟಿಕೆಟ್ಟಿನ ಹಣವಾದರೂ ಟಿಕೆಟ್ಟಿನಂತೆ ಸಿಗುತ್ತದೆ, ಆಟೋ ಮತ್ತು ಊಟದ ಏರಿಕೆ ಮಾತ್ರ ನೌಕರರ ಪಾಲಿಗೇ ಉಳಿಯುತ್ತದೆ.

ಶಕ್ತಿ ಯೋಜನೆಯ ಬಗ್ಗೆಯೂ ಒಂದು ಮಾತು. 2023ರ ಜೂನ್ 11ರಿಂದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣ ಬಂದ ಮೇಲೆ, ಮಹಿಳಾ ನೌಕರರಿಗೆ ಪ್ರಯಾಣದ ವೆಚ್ಚವೇ ಇಲ್ಲ ಎಂಬ ಭಾವನೆ ಕೆಲವು ಕಚೇರಿಗಳಲ್ಲಿ ಬೆಳೆದಿದೆ. ಬಸ್ಸು ಇಳಿದ ಮೇಲಿನ ದಾರಿಗೆ, ಕತ್ತಲಾದ ಮೇಲೆ ಹಂಚಿಕೆಯ ಆಟೋ ಹತ್ತಲು ಅಂಜಿ ಪೂರ್ತಿ ಆಟೋ ಹಿಡಿದದ್ದಕ್ಕೆ, ಸುರಕ್ಷಿತ ಕೋಣೆಗೆ ಶಕ್ತಿ ಯೋಜನೆ ಅನ್ವಯಿಸುವುದಿಲ್ಲ. ಪ್ರವಾಸಿ ಮಂದಿರದ ಕೋಣೆ ಸಿಕ್ಕರೆ ಈ ಚಿಂತೆ ತಪ್ಪುತ್ತದೆ ನಿಜ. ಆದರೆ ಗಣ್ಯರ ಪ್ರವಾಸ ನಿಗದಿಯಾದ ಕೂಡಲೇ ಮೊದಲು ಖಾಲಿ ಮಾಡಬೇಕಾದವರು ಕೆಳಹಂತದ ನೌಕರರೇ ಆಗಿರುತ್ತಾರೆ. ರಾತ್ರಿ ಒಂಬತ್ತಕ್ಕೆ ಹಾಗೆ ಹೊರಬಂದು ಲಾಡ್ಜು ಹುಡುಕಿದ ಇಬ್ಬರು ಮಹಿಳೆಯರು ನನ್ನ ಕೈಕೆಳಗೆ ಕೆಲಸ ಮಾಡಿದ್ದಾರೆ. ಒಂಟಿಯಾಗಿ ಪ್ರವಾಸ ಮಾಡುವ ಮಹಿಳಾ ನೌಕರರಿಗೆ, ಅವರ ವರ್ಗ ಯಾವುದೇ ಇರಲಿ, ಒಂದು ಹಂತ ಮೇಲಿನ ವಸತಿ ದರ ಸಿಗಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ದರಕ್ಕಿಂತ ದೊಡ್ಡ ನೋವು ವಿಳಂಬದ್ದು. ಕೇಂದ್ರದಲ್ಲಿ 2018ರಿಂದ ಪ್ರವಾಸ ಮುಗಿದ 60 ದಿನಗಳೊಳಗೆ ನೌಕರರು ಬಿಲ್ಲು ಕೊಡಬೇಕು, ತಪ್ಪಿದರೆ ಹಕ್ಕು ಹೋಗುತ್ತದೆ. ಕೇಳುವವರಿಗೆ ಗಡುವು ಇರುವುದು ತಪ್ಪಲ್ಲ. ಕೊಡುವವರಿಗೂ ಗಡುವು ಬೇಕೆಂಬುದಷ್ಟೇ ನನ್ನ ವಾದ. ಇದಕ್ಕೆ ನಾವು ಬೇರೆಡೆ ಮಾದರಿ ಹುಡುಕಬೇಕಾಗಿಲ್ಲ. 2011ರ ಸಕಾಲ ಕಾಯ್ದೆಯ ಮೂಲಕ ಕರ್ನಾಟಕ ತನ್ನ ನಾಗರಿಕರಿಗೆ ಪ್ರತಿ ಅರ್ಜಿಗೂ ಒಂದು ಸಂಖ್ಯೆ, ಒಂದು ಕೊನೆಯ ದಿನಾಂಕ ಕೊಟ್ಟಿತು. ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ, ಅದೂ ತಪ್ಪಿತಸ್ಥ ನೌಕರರಿಂದ. ಜಾತಿ ಪ್ರಮಾಣಪತ್ರವನ್ನು, ಪಹಣಿಯನ್ನು ಗಡುವಿನೊಳಗೆ ಕೊಡಲು ಓಡಾಡುವ ಅದೇ ನೌಕರರ ಬಿಲ್ಲಿಗೆ ಸಂಖ್ಯೆಯೂ ಇಲ್ಲ, ದಿನಾಂಕವೂ ಇಲ್ಲ. ಖಜಾನೆ-2 ಎಂಬ ಗಣಕೀಕೃತ ಖಜಾನೆ ವ್ಯವಸ್ಥೆ ಬಂದು ಬಿಲ್ಲುಗಳು ಆನ್‌ಲೈನ್ ಆದವು ಎನ್ನಬಹುದು. ಆದರೆ ಖಜಾನೆಗೆ ಬಿಲ್ಲು ತಲುಪಿದ ಮೇಲಿನ ಹಾದಿ ಮಾತ್ರ ಅಲ್ಲಿ ಕಾಣುತ್ತದೆ. ನೌಕರರ ಕೈಯಿಂದ ಹೊರಟ ಬಿಲ್ಲು ಬಟವಾಡೆ ಅಧಿಕಾರಿಯ ಕಚೇರಿಯ ಯಾವ ಮೇಜಿನ ಮೇಲೆ ಎಷ್ಟು ತಿಂಗಳು ಕುಳಿತಿತ್ತು ಎಂಬುದು ಅದರಲ್ಲಿ ದಾಖಲಾಗುವುದಿಲ್ಲ. ನೌಕರರು ತಾವೇ ನೇರವಾಗಿ ಬಿಲ್ಲನ್ನು ಆನ್‌ಲೈನಿನಲ್ಲಿ ಸಲ್ಲಿಸಿ, ಸಲ್ಲಿಸಿದ ಗಳಿಗೆಗೆ ಸ್ವೀಕೃತಿ ಪಡೆಯುವಂತಾದರೆ ಅರ್ಧ ವಿಳಂಬ ತಾನಾಗಿ ಕರಗುತ್ತದೆ. ಆಕ್ಷೇಪಣೆಗಳಿದ್ದರೆ ಎಲ್ಲವನ್ನೂ ಒಂದೇ ಸಲ ಬರೆಯಬೇಕು. ತಿಂಗಳಿಗೊಂದು ಆಕ್ಷೇಪಣೆ ಬರೆದು ಬಿಲ್ಲನ್ನು ಮಾರ್ಚ್ ದಾಟಿಸುವ ರೂಢಿ ನಿಲ್ಲಬೇಕು.

ತಕ್ಷಣ ಹಣ ಕೊಡುವುದು ಸರ್ಕಾರಕ್ಕೆ ಅಸಾಧ್ಯವಲ್ಲ ಎಂಬುದನ್ನು ಪ್ರತಿ ಚುನಾವಣೆಯೂ ತೋರಿಸುತ್ತದೆ. ನಾನು ಕೆಲಸ ಮಾಡಿದ ಎಲ್ಲ ಚುನಾವಣೆಗಳಲ್ಲಿ ಮತಗಟ್ಟೆ ಸಿಬ್ಬಂದಿಯ ಸಂಭಾವನೆ ಡಿಮಸ್ಟರಿಂಗ್ (ಮತದಾನದ ನಂತರ ಯಂತ್ರ, ಸಾಮಗ್ರಿ ಮರಳಿ ಒಪ್ಪಿಸುವ ಕೆಲಸ) ಮುಗಿಯುವುದರೊಳಗೆ ಕೈಸೇರಿತ್ತು. ಅನುದಾನ ಮೊದಲೇ ಬಿಡುಗಡೆಯಾಗಿರುತ್ತಿತ್ತು, ಪಟ್ಟಿ ಸಿದ್ಧವಿರುತ್ತಿತ್ತು. ಹಾಗೆಯೇ ಪ್ರವಾಸದ ಆದೇಶಕ್ಕೆ ಸಹಿ ಬೀಳುವ ದಿನವೇ ಅಂದಾಜು ವೆಚ್ಚದ ಮುಕ್ಕಾಲು ಭಾಗವನ್ನು ಮುಂಗಡವಾಗಿ ನೌಕರರ ಖಾತೆಗೆ ಜಮಾ ಮಾಡಬಹುದು. ಮುಂಗಡಕ್ಕೆ ಈಗಲೂ ಅವಕಾಶವಿದೆ, ಆದರೆ ಹೊಂದಾಣಿಕೆ ತಡವಾದರೆ ಬರುವ ವಸೂಲಾತಿಯ ಭಯದಿಂದ ಯಾರೂ ಕೇಳುವುದಿಲ್ಲ, ತಾಲ್ಲೂಕು ಮಟ್ಟದಲ್ಲಿ ಯಾರೂ ಕೊಡುವುದೂ ಇಲ್ಲ.

ಸುಳ್ಳು ಬಿಲ್ಲುಗಳ ವಿಷಯವನ್ನು ಮುಚ್ಚಿಡುವುದಿಲ್ಲ. ಹೋಗದ ಊರಿಗೆ ಭತ್ಯೆ ಬರೆದವರನ್ನು, ಇಲಾಖೆಯ ಜೀಪಿನಲ್ಲಿ ಹೋಗಿ ಬಸ್ಸಿನ ದರ ಕೇಳಿದವರನ್ನು ನಾನು ಹಿಡಿದಿದ್ದೇನೆ. ಅವರು ರಸೀದಿಯಿಲ್ಲದೆ ಸಿಕ್ಕಿಬಿದ್ದವರಲ್ಲ. ಅವರ ರಸೀದಿಗಳು ಅಚ್ಚುಕಟ್ಟಾಗಿದ್ದವು. ನಾನು ಕಂಡಂತೆ ರಸೀದಿಯ ನಿಯಮ ಸುಳ್ಳುಗಾರರನ್ನು ತಡೆದದ್ದಕ್ಕಿಂತ ಪ್ರಾಮಾಣಿಕರನ್ನು ದಂಡಿಸಿದ್ದೇ ಹೆಚ್ಚು. ಇಂದು ಚಹಾದಂಗಡಿಯಿಂದ ಆಟೋವರೆಗೆ ಎಲ್ಲೆಡೆ ಯುಪಿಐ ಪಾವತಿ ಇದೆ. ಆ ದಾಖಲೆಯನ್ನು ಪುರಾವೆಯೆಂದು ಒಪ್ಪಿಕೊಳ್ಳಬಹುದು. ಎಲ್ಲ ಬಿಲ್ಲುಗಳನ್ನೂ ಹಿಂಡುವ ಬದಲು ಕೆಲವನ್ನು ಯಾದೃಚ್ಛಿಕವಾಗಿ ಆರಿಸಿ ಆಳವಾಗಿ ಪರಿಶೀಲಿಸಿ, ಸುಳ್ಳು ಸಿಕ್ಕಲ್ಲಿ ಕಠಿಣ ಶಿಸ್ತುಕ್ರಮ ಕೈಗೊಳ್ಳಬಹುದು. ಅದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ.

ತಿಂಗಳಿಗೆ ನಿಗದಿತ ಪ್ರಯಾಣ ಭತ್ಯೆ ಪಡೆದು ಸ್ವಂತ ಬೈಕಿನಲ್ಲಿ ಹಳ್ಳಿ ಸುತ್ತುವ ಕ್ಷೇತ್ರ ಸಿಬ್ಬಂದಿಯ ಕಷ್ಟ, ಹೊರಗುತ್ತಿಗೆಯ ಚಾಲಕರು ಮತ್ತು ಡಾಟಾ ಎಂಟ್ರಿ ಆಪರೇಟರ್‌ಗಳ ಕಷ್ಟ ಇದಕ್ಕಿಂತ ದೊಡ್ಡದು. ಅದಕ್ಕೆ ಬೇರೆಯೇ ಪತ್ರ ಬೇಕು. ಇಲ್ಲಿ ಹೆಸರಿಸಿರುವುದು ಅವರನ್ನು ಮರೆತಿಲ್ಲವೆಂದು ತಿಳಿಸಲು.

ನನ್ನ ಕೋರಿಕೆಗಳಲ್ಲಿ ಯಾವುದಕ್ಕೂ ಶಾಸನಸಭೆಯ ಮುಂದೆ ಹೋಗುವ ಅಗತ್ಯವಿದೆಯೆಂದು ನನಗೆ ತೋರುವುದಿಲ್ಲ. ಸಿ ಮತ್ತು ಡಿ ವರ್ಗದವರಿಗೆ ಮಿತಿಯೊಳಗೆ ಸ್ವಯಂ ದೃಢೀಕರಣವನ್ನು ಒಪ್ಪುವುದು, ಊಟದ ಭತ್ಯೆಯನ್ನು ಗಂಟೆಗಳ ಲೆಕ್ಕದ ಇಡಿಗಂಟಾಗಿಸುವುದು, ದರಗಳನ್ನು ತುಟ್ಟಿಭತ್ಯೆಗೆ ಜೋಡಿಸುವುದು, ಬಿಲ್ಲು ಸಲ್ಲಿಕೆಯಾದ 30 ದಿನಗಳೊಳಗೆ ಹಣ ಪಾವತಿಸುವುದು, ಇವಿಷ್ಟಕ್ಕೆ ತಮ್ಮ ಇಲಾಖೆಯ ಒಂದು ಆದೇಶ ಸಾಕು. ಆ ಆದೇಶದ ಪ್ರತಿಯನ್ನು ಮಹಾಲೇಖಪಾಲರ ಕಚೇರಿಗೂ ರಾಜ್ಯ ಲೆಕ್ಕಪತ್ರ ಇಲಾಖೆಗೂ ಕಳುಹಿಸಿ, ಅದರಂತೆ ಮಂಜೂರು ಮಾಡಿದ ಬಟವಾಡೆ ಅಧಿಕಾರಿಯನ್ನು ಹೊಣೆ ಮಾಡಲಾಗದು ಎಂದು ಸ್ಪಷ್ಟವಾಗಿ ಬರೆಯಬೇಕು. ಆ ಒಂದು ವಾಕ್ಯವಿಲ್ಲದಿದ್ದರೆ ನನ್ನ ಜಾಗದಲ್ಲಿ ಇಂದು ಕುಳಿತಿರುವ ವಿಷಯ ನಿರ್ವಾಹಕ ಮತ್ತೆ ಅದೇ ನಾಲ್ಕು ಆಕ್ಷೇಪಣೆ ಬರೆಯುತ್ತಾನೆ.

ಆದೇಶಕ್ಕೆ ಸಮಯ ಬೇಕಾದರೆ, ಅದಕ್ಕೆ ಮೊದಲು ಮಾಡಬಹುದಾದ ಒಂದು ಕೆಲಸವಿದೆ. ರಾಜ್ಯದ ಪ್ರತಿ ಬಟವಾಡೆ ಅಧಿಕಾರಿಯಿಂದ, ಆರು ತಿಂಗಳಿಗಿಂತ ಹಳೆಯದಾದ ಪ್ರಯಾಣ ಭತ್ಯೆ ಬಿಲ್ಲುಗಳು ಎಷ್ಟು ಬಾಕಿ ಇವೆ, ಒಟ್ಟು ಮೊತ್ತ ಎಷ್ಟು ಎಂಬ ಎರಡು ಸಾಲಿನ ಮಾಹಿತಿಯನ್ನು ತರಿಸಿಕೊಂಡು ಇಲಾಖಾವಾರು ಪ್ರಕಟಿಸಿ, ಈ ಆರ್ಥಿಕ ವರ್ಷದ ಮಾರ್ಚ್ 31ರೊಳಗೆ ಅಷ್ಟೂ ಹಣಕ್ಕೆ ಅನುದಾನ ಒದಗಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಧೀಕ್ಷಕ